ಬಾಗಿಲ ಹಿಂದಿನ ಲಂಗ

“ಇದು ಅವಳದ್ದೇ ಅಂತ ಅವಳಮ್ಮನೇ ಹೇಳಿಯಾಯ್ತಲ್ಲ ಮೇಡಂ. ಇನ್ನೂ ಎಷ್ಟು ಸಲ ತಿರುಗಿಸಿ ನೋಡ್ತೀರಿ?” ಎಂದು ನಮ್ಮ ಪೇದೆ ಆಕಳಿಸಿದ.

ನಾನು ಇನ್ನೊಂದು ಸಲ ತಿರುಗಿಸಿದೆ. ಶಾಲೆಯ ಹೊಲಿಗೆ ಕೋಣೆಯ ಉದ್ದ ಮೇಜಿನ ಮೇಲೆ ಲಂಗವನ್ನು ಹರಡಿದ್ದೆ. ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ಅದನ್ನು ಯಾರೋ ನೀಲಿ ವೈರಿನಿಂದ ಬಿಗಿದು ಕಟ್ಟಿದ್ದರು.

ಕೆರೆ ದಡದ ಕಲ್ಲಿನ ಮೇಲೆ ಇವೆರಡೂ ಸಿಕ್ಕು ವಾರವಾಗುತ್ತ ಬಂದಿತ್ತು. ಇವುಗಳ ಒಡತಿ, ಬಸ್ ಕಂಡಕ್ಟರಮ್ಮನ ಒಬ್ಬಳೇ ಮಗಳು, ಹತ್ತನೇ ತರಗತಿಯ ಹುಡುಗಿ, ಸಿಕ್ಕಿರಲಿಲ್ಲ. ಸಂಜೆಗೆ ಕೆರೆಯಲ್ಲಿ ಹುಡುಕುತ್ತಿದ್ದ ದೋಣಿ ನಿಲ್ಲಿಸಿ, ‘ಮುಳುಗಿ ಸಾವು’ ಎಂದು ಬರೆದು ಮುಗಿಸಿ ಎಂದು ನಮ್ಮ ಸಾಹೇಬರ ಅಪ್ಪಣೆಯಾಗಿತ್ತು. ಸಾಹೇಬರಿಗೆ ಹೆಣವಿಲ್ಲದ ಸಾವೂ ಸಾವೇ. ನನಗೆ ಹಾಗಲ್ಲ. ಅದಕ್ಕೇ ಇಲಾಖೆಯಲ್ಲಿ ನನ್ನನ್ನು ಯಾರೂ ಚಹಾಕ್ಕೆ ಕರೆಯುವುದಿಲ್ಲ.

ಮೇಜಿನ ಆಚೆ ಬೆಂಚಿನ ಮೇಲೆ ಅವಳ ಗೆಳತಿಯರು ಕೂತಿದ್ದರು. ಕೇಳಿದ್ದಕ್ಕೆಲ್ಲ “ಗೊತ್ತಿಲ್ಲ ಮೇಡಂ” ಎಂದು ಒಂದೇ ರಾಗ ಹಾಡಿ ಈಗ ಸುಮ್ಮನಾಗಿದ್ದರು. ಒಬ್ಬಳೂ ತಲೆ ಎತ್ತುತ್ತಿರಲಿಲ್ಲ.

ಲಂಗದ ಅಂಚಿನಲ್ಲಿ ಒಂದರ ಮೇಲೊಂದು ಹಳೆಯ ಹೊಲಿಗೆ ಬಿಚ್ಚಿದ ಗೆರೆಗಳಿದ್ದವು. ಹುಡುಗಿ ಉದ್ದಕ್ಕೆ ಬೆಳೆದಂತೆಲ್ಲ ತಾಯಿ ಹೊಲಿಗೆ ಬಿಚ್ಚಿ ಲಂಗ ಉದ್ದ ಮಾಡಿದ್ದಳು. ಈ ಗೆರೆಗಳನ್ನು ನೋಡಿಯೇ ಠಾಣೆಯಲ್ಲಿ ಅವಳು ಮಗಳ ಲಂಗವನ್ನು ಗುರುತಿಸಿದ್ದು. ಬಾಯಿ ಬಿಟ್ಟು ಅಳಲಿಲ್ಲ. ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಆ ಬೆರಳುಗಳು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಆದರೆ ನನ್ನ ತಲೆ ತಿನ್ನುತ್ತಿದ್ದದ್ದು ಇನ್ನೊಂದು ಗೆರೆ. ಸೊಂಟದ ಪಟ್ಟಿಯ ಕೆಳಗೆ, ಒಳಮಗ್ಗುಲಲ್ಲಿ, ಅಡ್ಡಕ್ಕೆ ಎಳೆದ ತುಕ್ಕಿನ ಕಲೆ. ಹೊಸ ಕಲೆ. ಹುಡುಗಿ ಕಾಣೆಯಾಗುವ ಹಿಂದಿನ ರಾತ್ರಿ ತಾಯಿ ಒಗೆದು ಇಸ್ತ್ರಿ ಮಾಡಿದಾಗ ಅದು ಇರಲಿಲ್ಲ. ಅವರ ಮನೆಯಲ್ಲಿ ಬಟ್ಟೆ ಒಣಗುವುದು ನೈಲಾನ್ ಹಗ್ಗದ ಮೇಲೆ. ನಾನೇ ಹೋಗಿ ನೋಡಿದ್ದೆ.

“ಕಲ್ಲಿಂದ ಆಗಿರತ್ತೆ ಬಿಡಿ ಮೇಡಂ,” ಎಂದ ಪೇದೆ.

“ಕಲ್ಲಿಗೆ ಯಾವಾಗಿಂದ ತುಕ್ಕು ಹಿಡಿಯೋಕೆ ಶುರುವಾಯ್ತಪ್ಪಾ?” ಎಂದೆ.

ಗಾಳಿ ಬರಲೆಂದು ಕಿಟಕಿ ತೆರೆದೆ. ಹೊಲಿಗೆ ಟೀಚರ್ ಜ್ವರವೆಂದು ರಜೆಯಲ್ಲಿದ್ದರು. ಹುಡುಗಿ ಕಾಣೆಯಾದ ಮರುದಿನದಿಂದ ಈ ಕೋಣೆಗೆ ಬೀಗ. ಹಿಂದುಗಡೆ ಪುಟ್ಟ ಅಂಗಳ, ಒಂದು ನಲ್ಲಿ, ಎರಡು ಕಂಬ. ಕಂಬಗಳ ನಡುವೆ ಬಟ್ಟೆ ಒಣಹಾಕುವ ತಂತಿ, ಮೈಯೆಲ್ಲ ತುಕ್ಕು.

ತಿರುಗಿ ಕೋಣೆಯನ್ನೆಲ್ಲ ಮತ್ತೆ ನೋಡಿದೆ. ಹೊಲಿಗೆ ಯಂತ್ರಗಳು, ಕತ್ತರಿಗಳು, ಬಟ್ಟೆಯ ಚೂರುಗಳ ಬುಟ್ಟಿ. ಬಾಗಿಲ ಹಿಂದೆ ಗೋಡೆಯಲ್ಲಿ ಒಂದು ಮೊಳೆ. ಮೊಳೆಯ ಕೆಳಗೆ ಗೋಡೆಯ ಬಣ್ಣ ಮಾಸದೆ ಉಳಿದಿತ್ತು. ವರ್ಷಗಟ್ಟಲೆ ಏನೋ ಅಲ್ಲಿ ತೂಗುತ್ತಿದ್ದಿರಬೇಕು. ಈಗ ಇರಲಿಲ್ಲ.

“ಇಲ್ಲಿ ಏನು ತೂಗ್ತಿತ್ತು?”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಪೇದೆಯನ್ನು ನೋಡಿದರು. ಆಮೇಲೆ ಮತ್ತೆ ನೆಲ.

ಅಷ್ಟು ಸಾಕಾಯಿತು. ನಾನೂ ಒಂದು ಕಾಲದಲ್ಲಿ ಹದಿನೈದರ ಹುಡುಗಿಯಾಗಿದ್ದವಳೇ.

“ನೀವು ಹೋಗಿ ಚಹಾ ಕುಡಿದು ಬನ್ನಿ,” ಎಂದೆ ಪೇದೆಗೆ.

“ಈಗ ತಾನೇ ಕುಡಿದೆ ಮೇಡಂ.”

“ಇನ್ನೊಂದು ಕುಡೀರಿ. ನಿಧಾನಕ್ಕೆ ಕುಡೀರಿ.”

ಅವನು ಗೊಣಗುತ್ತ ಹೋದ. ಬಾಗಿಲು ಮುಚ್ಚಿದ್ದೇ ತಡ, ಅಷ್ಟು ದಿನ ಬೀಗ ಹಾಕಿಕೊಂಡಿದ್ದ ಬಾಯಿಗಳೆಲ್ಲ ಒಂದೇ ಸಲ ತೆರೆದವು.

“ಅಲ್ಲಿ ಅಜ್ಜಿ ಇರ್ತಾಳೆ ಮೇಡಂ.”

“ಅಜ್ಜಿ ಅಂದ್ರೆ ಲಂಗ ಮೇಡಂ, ಯೂನಿಫಾರ್ಮ್ ಲಂಗ. ತುಂಬ ಹಳೇದು, ಅದಕ್ಕೇ ಅಜ್ಜಿ ಅಂತೀವಿ.”

“ಯಾರಿಗಾದ್ರೂ ಶಾಲೇಲಿದ್ದಾಗ ತಿಂಗಳದ್ದು ಆಗಿಬಿಟ್ರೆ, ಲಂಗ ಕೆಟ್ಟುಹೋದ್ರೆ, ಅದನ್ನ ಹಾಕ್ಕೋತೀವಿ. ನಮ್ಮದನ್ನ ಒಗೆದು ಹಿಂದೆ ತಂತಿ ಮೇಲೆ ಹಾಕ್ತೀವಿ. ಸಂಜೆ ಒಣಗಿರತ್ತೆ, ಬದಲಾಯಿಸ್ಕೊಂಡು ಹೋಗ್ತೀವಿ.”

“ಹೊಲಿಗೆ ಟೀಚರ್ ಇಟ್ಟಿದ್ದು. ಯಾರನ್ನೂ ಏನೂ ಕೇಳಲ್ಲ ಅವರು. ಸುಮ್ಮನೆ ಬಾಗಿಲ ಕಡೆ ಕೈ ತೋರಿಸ್ತಾರೆ.”

“ಆ ದಿನ ಅಜ್ಜಿಯನ್ನು ಯಾರು ಹಾಕಿಕೊಂಡಿದ್ದರು?” ಎಂದೆ. ಉತ್ತರ ಗೊತ್ತಿದ್ದರೂ ಕೇಳಿದೆ.

“ಏಣಿ,” ಎಂದರು.

ಏಣಿ ಎಂದರೆ ಕಾಣೆಯಾದ ಹುಡುಗಿ. ತರಗತಿಗೆಲ್ಲ ಎತ್ತರದವಳು. ಬೀರುವಿನ ಮೇಲಿನ ಗ್ಲೋಬು ಇಳಿಸಬೇಕಾದರೆ ಟೀಚರುಗಳೂ ಅವಳನ್ನೇ ಕರೆಯುತ್ತಿದ್ದರಂತೆ. ಅವಳ ಜೀವದ ಗೆಳತಿ ತರಗತಿಗೆಲ್ಲ ಗಿಡ್ಡಿ. ಅವಳಿಗೆ ಮಣೆ ಎಂದು ಹೆಸರಿಟ್ಟಿದ್ದರು. ಆ ಮಣೆ ಬೆಂಚಿನ ತುದಿಯಲ್ಲಿ ಕೂತು ತನ್ನ ಲಂಗದ ಅಂಚನ್ನು ತಿರುಚುತ್ತಿದ್ದಳು. ಉಳಿದವರ ಮಾತಿಗೆ ಅವಳು ದನಿಗೂಡಿಸಿರಲಿಲ್ಲ.

“ಇಷ್ಟು ದಿನ ಯಾಕ್ರೇ ಹೇಳ್ಲಿಲ್ಲ?”

“ಪೊಲೀಸ್ ಅಂಕಲ್ ಅವಳು ಏನು ಹಾಕ್ಕೊಂಡಿದ್ಳು ಅಂತ ಕೇಳಿದ್ರು. ಯೂನಿಫಾರ್ಮ್ ಅಂದ್ವಿ. ಅಜ್ಜಿನೂ ಯೂನಿಫಾರ್ಮೇ ಅಲ್ವಾ ಮೇಡಂ? ಅಂಕಲ್ ಮುಂದೆ ಅದನ್ನೆಲ್ಲ ಹೆಂಗೆ ಹೇಳೋದು?”

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಮಾಡುವುದು? ಹುಡುಗಿಯರು ಸುಳ್ಳು ಹೇಳಿರಲಿಲ್ಲ. ಹೆಣ್ಣುಮಕ್ಕಳ ಶಾಲೆಗೆ ವಿಚಾರಣೆಗೆಂದು ಮೀಸೆ ಹೊತ್ತವರನ್ನೇ ಕಳಿಸಿದ ನಮ್ಮ ಇಲಾಖೆಗೆ ಸಿಗಬೇಕಾದದ್ದೇ ಸಿಕ್ಕಿತ್ತು. ಒಂದು ಮಾತನ್ನು ಒಬ್ಬ ಹೆಂಗಸಿನ ಕಿವಿಗೆ ಹಾಕಲು ಈ ಮಕ್ಕಳಿಗೆ ದಾರಿ ಸಿಗದೆ, ನಾವು ಇಡೀ ಕೆರೆಯನ್ನು ಜಾಲಾಡಿದ್ದೆವು.

ಈಗ ಲೆಕ್ಕ ತಲೆಕೆಳಗಾಯಿತು. ಏಣಿ ಶಾಲೆ ಬಿಟ್ಟಾಗ ಅವಳ ಮೈಮೇಲಿದ್ದದ್ದು ಅಜ್ಜಿ. ಅವಳ ಸ್ವಂತ ಲಂಗ ತಂತಿಯ ಮೇಲೆ ಒಣಗುತ್ತಿತ್ತು. ಅದು ತಾನಾಗಿ ನಡೆದು ಕೆರೆಗೆ ಹೋಗಲಿಲ್ಲ.

ಬಾಗಿಲು ತೆರೆಯಿತು. ಬಂದವರು ದೊಡ್ಡ ಮೇಡಂ, ಶಾಲೆಯ ಮುಖ್ಯೋಪಾಧ್ಯಾಯಿನಿ. ಸಣಕಲು ಮೈ, ಸೆರಗಿನ ಮೇಲೆ ಸೀಮೆಸುಣ್ಣದ ಪುಡಿ. ಗಣಿತದ ಟೀಚರ್ ಬೇರೆ ಕಡೆ ಹೋದ ಮೇಲೆ ಆ ಪಾಠವನ್ನೂ ಇವರೇ ಮಾಡುತ್ತಿದ್ದರು.

“ಮುಗೀತಾ? ಪರೀಕ್ಷೆ ಹತ್ರ ಬಂತು, ಇವರ ಪಾಠ ಹಾಳಾಗ್ತಿದೆ,” ಎಂದರು.

“ಹುಡುಗೀರು ಇರಲಿ. ನೀವೂ ಕೂತ್ಕೊಳ್ಳಿ,” ಎಂದೆ. “ಹಿಂದಿನ ಅಂಗಳಕ್ಕೆ ದಾರಿ ಈ ಕೋಣೆಯಿಂದ ಮಾತ್ರ. ಆ ದಿನ ಸಂಜೆ ಬೀಗ ಹಾಕಿದ್ದು ಯಾರು?”

“ನಾನೇ. ದಿನಾ ನಾನೇ ಹಾಕೋದು.”

“ತಂತಿ ಮೇಲೆ ಲಂಗ ಇತ್ತಾ?”

“ನೋಡ್ಲಿಲ್ಲ. ನನ್ನ ಮೇಲೆ ಅನುಮಾನಾನಾ?”

“ಹೌದು.”

ಅವರ ಕಣ್ಣು ದೊಡ್ಡದಾಯಿತು. ಹುಡುಗಿಯರು ಒಬ್ಬರಿಗೊಬ್ಬರು ಅಂಟಿ ಕೂತರು. ದೊಡ್ಡ ಮೇಡಂ ಎದುರು ಹೀಗೆ ಮಾತಾಡುವವರನ್ನು ಅವರು ಕಂಡಿರಲಿಲ್ಲ.

“ಆ ದಿನ ಬೆಳಿಗ್ಗೆ ಏಣಿಯನ್ನ ನಿಮ್ಮ ಕೋಣೆಗೆ ಕರೆಸಿದ್ರಂತೆ. ಅವಳು ಅಳ್ತಾ ಹೊರಗೆ ಬಂದಿದ್ದನ್ನ ನಿಮ್ಮ ಜವಾನ ನೋಡಿದಾನೆ. ಏನು ಮಾತಾಯ್ತು?”

“ಓದಿನ ವಿಷಯ. ಟೀಚರ್ ಮಕ್ಕಳಿಗೆ ಇನ್ನೇನು ಹೇಳ್ತಾರೆ?”

“ಓದಿನ ವಿಷಯ ಏನು?”

“ಚೆನ್ನಾಗಿ ಓದು ಅಂತ...”

“ಸುಳ್ಳು!”

ಕೂಗಿದ್ದು ಮಣೆ. ಎದ್ದು ನಿಂತಿದ್ದಳು. ನಿಂತರೂ ಕೂತವರಷ್ಟೇ ಎತ್ತರ.

“ಪರೀಕ್ಷೆಗೆ ಕೂರಬೇಡ ಅಂದ್ರಿ! ಗಣಿತದಲ್ಲಿ ನೀನು ಖಂಡಿತ ಫೇಲಾಗ್ತೀಯ, ಮುಂದಿನ ವರ್ಷ ಬರಿ ಅಂದ್ರಿ. ಮುಂದಿನ ವರ್ಷ ಅಂತ ಕಳಿಸಿದವರು ಒಬ್ಬರಾದ್ರೂ ವಾಪಸ್ ಬಂದಿದಾರಾ ಮೇಡಂ? ನಮ್ಮಕ್ಕ ಬಂದ್ಳಾ?”

ದೊಡ್ಡ ಮೇಡಂ ಸೆರಗಿನ ಸೀಮೆಸುಣ್ಣದ ಪುಡಿಯನ್ನು ಕೊಡವತೊಡಗಿದರು.

ನಾನು ಕಾದೆ. ಕಾಯುವುದು ನನ್ನ ಕೆಲಸದ ಅರ್ಧ.

“ಇದು ಸಣ್ಣ ಶಾಲೆ,” ಎಂದರು ಕೊನೆಗೆ. ದನಿ ಬಿದ್ದುಹೋಗಿತ್ತು. “ಫಲಿತಾಂಶ ಬಿದ್ರೆ ಮುಚ್ಚಿಬಿಡ್ತಾರೆ. ಹೋದ ವರ್ಷವೇ ಎಚ್ಚರಿಕೆ ಕೊಟ್ಟಿದ್ದಾರೆ. ಇದು ಮುಚ್ಚಿದ್ರೆ ಈ ಹುಡುಗೀರನ್ನ ದೂರದ ಶಾಲೆಗೆ ಯಾವ ಅಪ್ಪ ಕಳಿಸ್ತಾನೆ ಹೇಳಿ? ಎಲ್ಲರೂ ಮನೇಲಿ ಕೂರ್ತಾರೆ. ಎಲ್ಲರನ್ನೂ ಉಳಿಸೋಕೆ ಒಬ್ಬಳನ್ನ ನಿಲ್ಲಿಸಿದೆ. ಅದು ತಪ್ಪು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಪ್ರತಿ ವರ್ಷ ಗೊತ್ತಿದ್ದೇ ಮಾಡಿದೀನಿ.”

ಅವರನ್ನು ಬೈಯಬೇಕೆಂದು ಬಾಯಿವರೆಗೆ ಬಂದ ಮಾತು ಅಲ್ಲೇ ನಿಂತಿತು. ಆ ಮುಖದಲ್ಲಿ ಕಳ್ಳತನ ಇರಲಿಲ್ಲ. ತುಂಬ ದಿನ ನಿದ್ದೆ ಮಾಡದ ಒಬ್ಬ ಹೆಂಗಸಿನ ಮುಖ ಅದು.

ನಾನು ಮಣೆಯ ಮುಂದೆ ಮಂಡಿಯೂರಿ ಕೂತೆ. “ಒಳಗೆ ಏನಾಯ್ತು ಅಂತ ಏಣಿ ನಿನಗೆ ಹೇಳಿದಾಳೆ. ಲಂಗವನ್ನ ತಂತಿಯಿಂದ ತೆಗೆದದ್ದೂ ನೀನೇ. ಅಲ್ವಾ ಮಗೂ?”

ಅವಳು ಅಳತೊಡಗಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಬಿಕ್ಕಿ ಬಿಕ್ಕಿ.

“ಅವಳೇ ಹೇಳಿದ್ಳು ಮೇಡಂ. ಸಂಜೆ ಲಂಗ ಒಣಗಿದ ಮೇಲೆ ತಗೊಂಡುಹೋಗಿ ಕೆರೆ ದಡದಲ್ಲಿ ಇಡು ಅಂದ್ಳು. ಆಣೆ ಹಾಕಿಸ್ಕೊಂಡ್ಳು.”

“ಯಾಕೆ?”

“ಅವಳಮ್ಮ ಬಸ್ಸಲ್ಲಿ ಎಲ್ಲರಿಗೂ ಹೇಳ್ತಾರೆ, ನನ್ನ ಮಗಳು ಈ ವರ್ಷ ಹತ್ತನೇ ಕ್ಲಾಸ್ ಪಾಸಾಗ್ತಾಳೆ, ನಮ್ಮ ಮನೇಲಿ ಅವಳೇ ಮೊದಲು ಅಂತ. ದಿನಾ ಓಡಾಡೋರು ‘ಮಗಳ ಓದು ಹೆಂಗೆ ನಡೀತಿದೆ’ ಅಂತ ಕೇಳ್ತಾರಂತೆ. ಪರೀಕ್ಷೆಗೇ ಕೂರಿಸ್ಲಿಲ್ಲ ಅಂತ ಗೊತ್ತಾದ್ರೆ ಅಮ್ಮ ದಿನಾ ಆ ಬಸ್ಸಲ್ಲಿ ತಲೆ ತಗ್ಗಿಸ್ಬೇಕು ಅಂದ್ಳು. ಸತ್ತೋದ್ಳು ಅಂದ್ರೆ... ಒಂದ್ಸಲ ಅತ್ತು ಸುಮ್ಮನಾಗ್ತಾಳೆ ಅಂದ್ಳು.”

ಯಾರೋ ಉಸಿರೆಳೆದ ಸದ್ದಾಯಿತು. ತಿರುಗಿ ನೋಡಿದೆ.

ಬಾಗಿಲಲ್ಲಿ ಕಂಡಕ್ಟರಮ್ಮ ನಿಂತಿದ್ದಳು. ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಹೆಗಲಿನಿಂದ ಚರ್ಮದ ಚೀಲ ಇಳಿಬಿದ್ದಿತ್ತು. ಸಂಜೆಗೆ ತನಿಖೆ ಮುಗಿಯುತ್ತದೆ, ಮಗಳ ಬಟ್ಟೆ, ಚಪ್ಪಲಿ ವಾಪಸ್ ಕೊಡುತ್ತಾರೆ ಎಂದು ಠಾಣೆಯಲ್ಲಿ ಯಾರೋ ಹೇಳಿ ಇಲ್ಲಿಗೆ ಅಟ್ಟಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಅವಳ ಮುಖವೇ ಹೇಳುತ್ತಿತ್ತು.

ಕೂಗಾಡುತ್ತಾಳೆ, ದೊಡ್ಡ ಮೇಡಂ ಮೇಲೆ ಕೈ ಮಾಡುತ್ತಾಳೆ ಎಂದು ನಾನು ಎದ್ದು ನಡುವೆ ಹೋದೆ. ಅವಳು ಅದೇನನ್ನೂ ಮಾಡಲಿಲ್ಲ. ಒಳಗೆ ಬಂದು ಮೇಜು ಹಿಡಿದು ನಿಂತಳು.

“ನನಗೊಂದು ಮಾತು ಹೇಳಬಹುದಿತ್ತಲ್ಲ ಮೇಡಂ,” ಎಂದಳು ದೊಡ್ಡ ಮೇಡಂಗೆ. “ಎರಡು ಏಟು ಹಾಕ್ತಿದ್ದೆ. ಆಮೇಲೆ ಕೂರಿಸಿ ಊಟ ಹಾಕ್ತಿದ್ದೆ. ಅಷ್ಟೇ ಆಗ್ತಿದ್ದಿದ್ದು. ಅಷ್ಟೇ.”

ದೊಡ್ಡ ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಹೆಣಗಳನ್ನು ಕಂಡಿದ್ದೇನೆ, ಕೊಂದವರನ್ನೂ ಕಂಡಿದ್ದೇನೆ. ಇಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಪ್ರೀತಿ ಇಟ್ಟೇ ಇಷ್ಟೊಂದು ಕೇಡು ಮಾಡಿಕೊಂಡಿದ್ದರು. ಇಂಥದ್ದಕ್ಕೆ ಯಾರಿಗೆ ಬೇಡಿ ಹಾಕುವುದು?

“ಅಕ್ಕಾ, ಕೂತ್ಕೊಳ್ಳಿ,” ಎಂದೆ.

ಅವಳು ಕೂರಲಿಲ್ಲ. ಈಗಷ್ಟೇ ಅವಳಿಗೆ ಅರ್ಥವಾಗುತ್ತಿತ್ತು. ಮುಖಕ್ಕೆ ರಕ್ತ ಮೆಲ್ಲಗೆ ವಾಪಸ್ ಬಂತು. ನನಗೆ ಅದನ್ನು ನೋಡಲು ಹೆದರಿಕೆಯಾಯಿತು.

“ಅಂದ್ರೆ ಲಂಗ ಈ ಮಗು ಇಟ್ಟಿದ್ದು,” ಎಂದಳು. “ಅಂದ್ರೆ... ಅವಳು ನೀರಿಗೆ ಹೋಗಿಲ್ಲ. ಅವಳು ಇದ್ದಾಳೆ!”

ಮಣೆಯ ಭುಜ ಹಿಡಿದಳು. “ಎಲ್ಲಿ ಕಂದಾ? ಎಲ್ಲಿಗೆ ಹೋದ್ಳು? ನಮ್ಮ ಬಸ್ಸಲ್ಲಂತೂ ಅಲ್ಲ, ನಮ್ಮೋರೆಲ್ಲ ಅವಳನ್ನ ಎತ್ತಿ ಆಡಿಸಿದೋರು, ಯಾರಾದ್ರೂ ನನಗೆ ಹೇಳೇ ಹೇಳ್ತಿದ್ರು.”

“ಬಸ್ಸಲ್ಲಿ ಅಲ್ಲ ಆಂಟಿ. ಮಧ್ಯಾಹ್ನ ಊಟದ ಬೆಲ್ಲಿಗೆ... ಹೊಲಿಗೆ ಟೀಚರ್ ಸ್ಕೂಟರಲ್ಲಿ.”

ಹುಡುಗಿಯರೆಲ್ಲ ಮಣೆಯ ಕಡೆ ತಿರುಗಿದರು.

“ಹೊಲಿಗೆ ಟೀಚರ್?” ಎಂದೆ.

“ಅವಳು ಅಜ್ಜಿ ಹಾಕ್ಕೊಳ್ಳೋಕೆ ಇಲ್ಲಿಗೆ ಬಂದಾಗ ತುಂಬ ಅಳ್ತಿದ್ಳು. ಟೀಚರ್ ಸಮಾಧಾನ ಮಾಡಿದ್ರು. ಅವರ ತಂಗಿ ಊರಲ್ಲಿ ಇದ್ದುಕೊಂಡು ಹೊರಗಿಂದ ಪರೀಕ್ಷೆ ಕಟ್ಟಬಹುದು, ಪಾಸಾಗಿ ಅಮ್ಮನ ಮುಂದೆ ಹೋಗಿ ನಿಲ್ಲು ಅಂದ್ರಂತೆ. ಶಾಲೆಯ ಹಿಂದಿನ ಗೇಟಿಂದ ಇಬ್ಬರೂ ಹೋದ್ರು. ನಾನು ಟಾಟಾ ಮಾಡ್ದೆ. ಅವಳೂ ಮಾಡಿದ್ಳು. ಪಾಸಾಗಿ ಬರೋವರೆಗೆ ಯಾರೂ ಹುಡುಕಬಾರದು ಅಂತ ಲಂಗದ ಉಪಾಯ ನಮ್ಮಿಬ್ಬರದ್ದೇ, ಟೀಚರ್‌ಗೆ ಗೊತ್ತಿಲ್ಲ.”

ಕಂಡಕ್ಟರಮ್ಮ ನಕ್ಕಳು. ನಿಜವಾಗಿ ನಕ್ಕಳು, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. “ಹೊಲಿಗೆ ಟೀಚರ್ ಅಲ್ವಾ? ಒಳ್ಳೆಯೋರು. ತುಂಬ ಒಳ್ಳೆಯೋರು. ಅವರ ಮನೆ ಎಲ್ಲಿ? ಈಗಲೇ ಹೋಗ್ತೀನಿ. ಕೆನ್ನೆಗೊಂದು ಬಾರಿಸಿ ಕರ್ಕೊಂಡು ಬರ್ತೀನಿ.”

ದೊಡ್ಡ ಮೇಡಂ ಮುಖದಿಂದ ಕೈ ತೆಗೆದರು. ತುಟಿ ಬಿಳಿಚಿಕೊಂಡಿತ್ತು.

“ಜ್ವರ ಹೆಂಗಿದೆ ಅಂತ ಕೇಳೋಕೆ ನಿನ್ನೆ ನಾನೇ ಹೋಗಿದ್ದೆ,” ಎಂದರು. “ಮನೆಗೆ ಬೀಗ ಹಾಕಿದೆ. ಆ ದಿನ ಮಧ್ಯಾಹ್ನ ಹೋದವರು ಆಮೇಲೆ ಬಂದೇ ಇಲ್ಲ ಅಂತ ಪಕ್ಕದ ಮನೆಯವರು ಹೇಳಿದ್ರು.”

“ಮತ್ತೆ ಜ್ವರ ಅಂತ ನಿಮಗೆ ಹೇಳಿದ್ದು ಯಾರು?”

“ಫೋನ್ ಬಂತು. ಗಂಡಸಿನ ದನಿ. ಅವರ ತಮ್ಮ ಅಂದ.” ದೊಡ್ಡ ಮೇಡಂ ನನ್ನನ್ನೇ ನೋಡಿದರು. “ಅವರಿಗೆ ತಮ್ಮ ಇದ್ದಾನೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.”

“ತಂಗಿ ಊರಿಗೆ ಹೋಗಿರ್ತಾರೆ ಬಿಡಿ,” ಎಂದಳು ಕಂಡಕ್ಟರಮ್ಮ ಆತುರದಿಂದ. ಕೈಗೆ ಬಂದದ್ದನ್ನು ಬಿಟ್ಟುಕೊಡಲು ಅವಳಿಗೆ ಇಷ್ಟವಿರಲಿಲ್ಲ. “ಇಬ್ಬರೂ ಅಲ್ಲೇ ಇರ್ತಾರೆ. ಅಲ್ವಾ ಮೇಡಂ?”

ಹೌದು ಎನ್ನಬೇಕೆಂದು ನನಗೂ ಆಸೆಯಾಯಿತು. ಅಷ್ಟರಲ್ಲಿ ನನ್ನ ಕಣ್ಣು ಮೇಜಿನ ಮೇಲೆ ಬಿತ್ತು.

ಈ ಪ್ರಶ್ನೆಯನ್ನು ಆ ತಾಯಿಯ ಮುಂದೆ ಕೇಳಬಾರದಿತ್ತು. ಅವಳನ್ನು ಹೊರಗೆ ಕಳಿಸಿ ಕೇಳುವಷ್ಟು ತಾಳ್ಮೆ ನನಗೆ ಉಳಿದಿರಲಿಲ್ಲ.

“ಮಗೂ, ಲಂಗದ ಜೊತೆ ಇನ್ನೇನು ಇಟ್ಟೆ ನೀನು?”

“ಏನೂ ಇಲ್ಲ. ಮಡಚಿ ಕಲ್ಲಿನ ಮೇಲೆ ಇಟ್ಟು ಓಡಿಬಂದೆ.”

“ಚಪ್ಪಲಿ?”

ಮಣೆ ಮೊದಲ ಸಲ ಮೇಜಿನ ಕಡೆ ಸರಿಯಾಗಿ ನೋಡಿದಳು. ಇಷ್ಟು ಹೊತ್ತೂ ಆ ಕಡೆ ಕಣ್ಣೆತ್ತಲು ಅವಳಿಗೆ ಧೈರ್ಯವಾಗಿರಲಿಲ್ಲ. ನೋಡಿದವಳು ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು.

“ಇದು ಹೆಂಗೆ ಬಂತು?” ಎಂದಳು. “ಇದು ಅವಳ ಕಾಲಲ್ಲಿತ್ತು ಮೇಡಂ. ಸ್ಕೂಟರ್ ಹತ್ತುವಾಗ ಕಾಲಲ್ಲೇ ಇತ್ತು. ಪಟ್ಟಿ ಕಿತ್ತುಹೋಗಿತ್ತು, ವೈರ್ ತಂದು ಕಟ್ಟಿಕೊಟ್ಟಿದ್ದು ನಾನೇ. ಆ ಮಧ್ಯಾಹ್ನವೇ.”

ನನಗೆ ಆ ಕಲ್ಲು ನೆನಪಾಯಿತು. ಮರುದಿನ ಬೆಳಿಗ್ಗೆ ನಾನೇ ಮೊದಲು ನೋಡಿದ್ದೆ. ಲಂಗ ಅಚ್ಚುಕಟ್ಟಾಗಿ ಮಡಚಿಟ್ಟಿತ್ತು. ಚಪ್ಪಲಿ ಪಕ್ಕದಲ್ಲಿರಲಿಲ್ಲ, ಲಂಗದ ಮೇಲಿತ್ತು. ಈ ಹುಡುಗಿ ಹೋದ ಮೇಲೆ, ಬೆಳಗಾಗುವ ಮೊದಲು, ಯಾರೋ ಅಲ್ಲಿಗೆ ಬಂದಿದ್ದರು.

ಕಂಡಕ್ಟರಮ್ಮ ಚಪ್ಪಲಿಗಳನ್ನು ಎತ್ತಿಕೊಂಡಳು. ತಡೆಯಬೇಕಿತ್ತು, ಸಾಕ್ಷ್ಯ ಅದು. ನನ್ನ ಕೈ ಏಳಲಿಲ್ಲ. ಅವಳು ಆ ನೀಲಿ ವೈರಿನ ಗಂಟನ್ನು ಬೆರಳಿನಿಂದ ಸವರಿದಳು, ಎರಡನ್ನೂ ಎದೆಗೆ ಒತ್ತಿಕೊಂಡಳು. ಮುಖಕ್ಕೆ ಬಂದಿದ್ದ ರಕ್ತವೆಲ್ಲ ಮತ್ತೆ ಇಳಿದುಹೋಯಿತು.

“ಅವಳಿಗೆ ಇದ್ದಿದ್ದು ಇದೊಂದೇ ಜೊತೆ,” ಎಂದಳು. “ಮೇಡಂ, ನನ್ನ ಮಗಳು ಬರಿಗಾಲಲ್ಲಿ ಎಲ್ಲಿದ್ದಾಳೆ?”